ಅವ್ವ ಕುಡಿಸಿದ ದ್ರಾಕ್ಷಾರಿಷ್ಟ

ನಮ್ಮವ್ವ ಹಾವೇರಿ ಕಡೆಯವಳು. ಇಷ್ಟಲಿಂಗ ಪೂಜೆ ಆಗದೆ ನೀರೂ ಮುಟ್ಟುವವಳಲ್ಲ. ಹೆಂಡದ ಹೆಸರೆತ್ತಿದರೆ ಬಾಯಿ ತೊಳೆದುಕೊಂಡು ಬಾ ಅಂತಾಳೆ. ಅಂಥವಳ ಮಗ, ನನ್ನ ತಮ್ಮ, ಕುಡಿದು ಕುಡಿದು ಕೆಲಸ ಕಳಕೊಂಡ. ಹೆಂಡತಿ ರೋಸಿ ತವರಿಗೆ ಹೋದಳು. ಬಿಟ್ಟರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ ಅಂತ ಹೇಳಿಯೇ ಹೋದಳು.

ಹೋದ ವರ್ಷ ತಮ್ಮ ತಾನಾಗಿಯೇ ನನ್ನ ಸ್ಕೂಟರ್ ಹತ್ತಿ ಡಾಕ್ಟರ ಹತ್ತಿರ ಬಂದ. ಅವರು ದಿನಾ ಬೆಳಿಗ್ಗೆಗೆ ಒಂದು ಮಾತ್ರೆ ಬರೆದರು. "ಮದ್ಯ ಒಳಗೆ ಹೋದ್ರೆ ಲಿವರ್ ಅದನ್ನ ಮೊದಲು ಒಂಥರಾ ವಿಷ ಮಾಡುತ್ತೆ, ಆಮೇಲೆ ಆ ವಿಷಾನೂ ಕರಗಿಸುತ್ತೆ. ಈ ಮಾತ್ರೆ ಎರಡನೇ ಕೆಲಸ ನಿಲ್ಲಿಸಿಬಿಡುತ್ತೆ. ಸ್ವಲ್ಪ ಕುಡಿದ್ರೂ ಜೀವಕ್ಕೆ ಅಪಾಯ" ಅಂದರು. ತಮ್ಮ ತಲೆಯಾಡಿಸಿದ. ಅಲ್ಲಿಂದಾಚೆ ಬಾರ್ ಇರುವ ರಸ್ತೆಯನ್ನೇ ಬಿಟ್ಟ. ಹೆಂಡತಿಯೂ ಒಪ್ಪಿದಳು, ಭಾನುವಾರ ಬರುವುದು ಅಂತಾಯಿತು.

ಶನಿವಾರ ಬೆಳಿಗ್ಗೆ ಅವ್ವನ ಫೋನು. ವಿಜಯನಗರದ ನನ್ನ ಮನೆಯಿಂದ ಬಸವೇಶ್ವರನಗರದ ಅವ್ವನ ಮನೆಗೆ ಹೇಗೆ ಹೋದೆನೋ ಶಿವನೇ ಬಲ್ಲ. ತಮ್ಮ ಬಚ್ಚಲ ಮುಂದೆ ಬಿದ್ದಿದ್ದ. ಮುಖ, ಕುತ್ತಿಗೆ ಕೆಂಪಗೆ ಕುದಿಯುತ್ತಿತ್ತು, ವಾಂತಿ ನಿಲ್ಲುತ್ತಿರಲಿಲ್ಲ, ಉಸಿರು ಸಿಗುತ್ತಿರಲಿಲ್ಲ. ಅವ್ವ ಒಂದೇ ಸಮನೆ ಬಯ್ಯುತ್ತಿದ್ದಳು. "ಮತ್ತ ಕುಡದೀಯೇನು? ನನ್ನ ಹೊಟ್ಟಿ ಉರಿಸಿದ್ದು ಸಾಲಲಿಲ್ಲೇನು ನಿನಗ?" ಅವನು ಅವ್ವನ ಮುಖವನ್ನೇ ನೋಡಿದ. ಆಟೋದಲ್ಲಿ ಅವನ ಕೈ ಹಿಡಿದರೆ ಮಂಜಿನ ಹಾಗೆ ತಣ್ಣಗಿತ್ತು. ನನಗೆ ಅಳುವೂ ಬರಲಿಲ್ಲ, ಅಷ್ಟು ಗಾಬರಿ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಡಾಕ್ಟರು ಮಾತ್ರೆಯ ಚೀಟಿ ನೋಡಿ, ಬೆಳಿಗ್ಗೆಯಿಂದ ಏನೇನು ಕೊಟ್ಟಿರಿ ಅಂತ ಕೇಳಿದರು. ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು. "ರೊಟ್ಟಿ ಸೇರಲಿಲ್ಲರೀ. ಸೊಸಿ ಬರೂದ್ರಾಗ ಮೈಯಾಗ ಶಕ್ತಿ ಬರಲಿ ಅಂತ ಪೂಜಿ ಮುಗಿಸಿ ದ್ರಾಕ್ಷಾರಿಷ್ಟ ಕೊಟ್ಟೆ. ಗ್ರಂಥಿಗೆ ಅಂಗಡೀದು, ಆಯುರ್ವೇದದ ಔಷಧಿ. ಅವಂಗ ಚಮಚ ಎಲ್ಲಿ ಸಾಕು, ಒಂದು ಲೋಟ ಕೊಟ್ಟೆ."

"ಅಮ್ಮಾ, ದ್ರಾಕ್ಷಿ, ಬೆಲ್ಲ ಹುಳಿ ಬರಿಸಿ ಮಾಡೋದಲ್ವಾ ಅದು? ಅದರೊಳಗೇ ಮದ್ಯ ಹುಟ್ಟುತ್ತೆ. ಮಾತ್ರೆ ಮೇಲೆ ಅದನ್ನ ಕೊಟ್ಟಿದೀರಲ್ಲ."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ನಾನು ಬಾಣಂತನದಿಂದ ಕುಡಕೋತ ಬಂದೀನಲ್ಲರೀ" ಅಂದಳು, ಎಷ್ಟು ಮೆಲ್ಲಗೆ ಅಂದರೆ ಡಾಕ್ಟರಿಗೆ ಕೇಳಿಸಲೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ತಮ್ಮನ ಕುಸಿದಿದ್ದ ಬಿಪಿ ಮೇಲೇರಿತು. ಅಬ್ಬಾ, ಜೀವ ಉಳಿಯಿತು. ಪಕ್ಕದಲ್ಲಿ ಕೂತು ತಲೆ ಸವರಿ, "ನಿಂದೇನೂ ತಪ್ಪಿಲ್ಲ ಕಣೋ, ಔಷಧಿ ಅಂತ ಕುಡಿದೆ" ಅಂದೆ.

ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ. "ಮೊದಲನೇ ಗುಟುಕಿಗೇ ಗೊತ್ತಾಯ್ತು ಕಣಕ್ಕ. ನನಗೆ ಆ ರುಚಿ ಗೊತ್ತಾಗಲ್ವಾ? ಅವ್ವಾನೇ ಕೊಟ್ಟಿದ್ದು, ಯಾರೂ ಬಯ್ಯಲ್ಲ ಅಂತ ಲೋಟ ಪೂರ್ತಿ ಕುಡಿದೆ."

ಹೊರಗೆ ವರಾಂಡದಲ್ಲಿ ಅವ್ವ ಸೊಸೆಗೆ ಫೋನು ಮಾಡಿ ಅಳುತ್ತಿದ್ದಳು. "ನನ್ನ ಮಗಂದು ಏನೂ ತಪ್ಪಿಲ್ಲವ್ವ, ಎಲ್ಲಾ ನಂದ. ಆಣಿ ಮಾಡ್ತೀನಿ, ನೀ ನಾಳಿ ಬಾ."