ಬಲಗಡೆಯ ಪೆಟ್ಟಿಗೆ

ಆಗೆಲ್ಲ ಮುದ್ದೇಬಿಹಾಳದಲ್ಲಿ ಹಾಡು ಅಂದರೆ ದೂರದ್ದು. ಲಗ್ನದ ಮನೆಯ ಮೈಕಿನ ಭೋಂಗಾ, ಚಹಾದಂಗಡಿಯ ರೇಡಿಯೊ. ಗಾಳಿ ನಮ್ಮ ಕಡೆ ಬೀಸಿದರೆ ಅರ್ಧ ಹಾಡು ನಮ್ಮ ಓಣಿಗೆ, ಉಳಿದರ್ಧ ಯಾರ ಓಣಿಗೋ. ನೀವು ಅರವತ್ತರ ಹತ್ತಿರದವರಾದರೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಹೇಳುವಷ್ಟು ತ್ರಾಣವೂ ನನಗಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಸುಗ್ಗಿಯ ಮಾತನ್ನಷ್ಟು ಹೇಳಿ ಕೈ ತೊಳೆದುಕೊಳ್ಳುತ್ತೇನೆ. ಆಗ ನನಗೆ ಹನ್ನೊಂದು ವರ್ಷ.

ಅಪ್ಪ ಊರ ಹೊರಗಿನ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಗಿರಣಿಯಲ್ಲಿ, ಎಂಜಿನ್ ನೋಡಿಕೊಳ್ಳುತ್ತಿದ್ದ. ಎಷ್ಟೋ ವರ್ಷದಿಂದ ಅದೇ ಎಂಜಿನ್, ಅದರ ಪಕ್ಕ ಅದೇ ಸ್ಟೂಲು, ಎಂಜಿನ್ ಯಾವಾಗಲೂ ಅವನ ಬಲಕ್ಕೆ. ದನಿ ಕೇಳಿಯೇ ಅದರ ರೋಗ ಹೇಳುತ್ತಿದ್ದ. ಬೇರಿಂಗ್ ಒಣಗಿದ್ದು, ಪಟ್ಟಾ ಸಡಿಲಾಗಿದ್ದು ಎಲ್ಲ ಅವನಿಗೆ ಕಿವಿಯಲ್ಲೇ ಕಾಣುತ್ತಿತ್ತು. ಆ ಕಿವಿಯೇ ಅವನ ನೌಕರಿ.

ಆ ವರ್ಷ ಗಿರಣಿ ಮಾಲಕರು ಸೊಲ್ಲಾಪುರದಿಂದ ಹೊಸ ಸ್ಟೀರಿಯೊ ತರಿಸಿಕೊಂಡು ಹಳೆಯದನ್ನು ಅಪ್ಪನಿಗೆ ಕೊಟ್ಟರು. ರಿಕಾರ್ಡು ತಿರುಗಿಸುವ ಯಂತ್ರ, ಎರಡು ಕಟ್ಟಿಗೆ ಪೆಟ್ಟಿಗೆ, ಜೊತೆಗೆ ಒಂದೇ ಒಂದು ರಿಕಾರ್ಡು. ಅದರಲ್ಲಿ ಎಡಗಡೆಯ ಪೆಟ್ಟಿಗೆಯಿಂದ ಸನಾದಿ ಬರಬೇಕು, ಬಲಗಡೆಯದರಿಂದ ತಬಲಾ. ನಡುವೆ ಕೂತವನಿಗೆ ಕಛೇರಿಯ ಮುಂದೆ ಕೂತಂತೆ ಅನ್ನಿಸಬೇಕು. ಅಪ್ಪ ಹಾಗೆ ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಆದರೆ ನಮ್ಮ ಖೋಲಿಯೋ, ಹತ್ತು ಫೂಟಿನದು. ಕಲ್ಲಿನ ಗೋಡೆ, ಕಲ್ಲಿನ ನೆಲ. ಮೊದಲ ದಿನ ಸನಾದಿ ಹಚ್ಚಿದರೆ ಬಾವಿಯೊಳಗಿಂದ ಯಾರೋ ಒದರಿದಂತಾಯಿತು. ಅಪ್ಪ ಸೋಲುವವನಲ್ಲ. ಆಯಿ, ಅಂದರೆ ಅವನ ಅವ್ವ, ಹಳೆ ಸೀರೆ ಕೂಡಿಸಿ ಹೊಲಿದ ಮೂರು ಕೌದಿಗಳನ್ನು ತಂದು ಗೋಡೆಗೆ ಮೊಳೆ ಹೊಡೆದು ತೂಗಿಬಿಟ್ಟ. ಪೆಟ್ಟಿಗೆಗಳ ಕೆಳಗೆ ಇಟ್ಟಂಗಿ ಇಟ್ಟು ಎತ್ತರ ಮಾಡಿದ. ದನಿ ನೆಟ್ಟಗಾಯಿತು, ಸುಳ್ಳು ಯಾಕೆ ಹೇಳಲಿ. ಸನಾದಿ ಎದೆಗೇ ಬಂದು ಕೂತಿತು. ಆಯಿಗೆ ಮಾತ್ರ ಸಿಟ್ಟು. "ಹೊದ್ಕೊಳ್ಳೋದನ್ನ ಗ್ವಾಡಿಗೆ ಹೊದಿಸ್ಯಾನ. ಚಳಿ ಆದ್ರ ನಾ ಗ್ವಾಡಿ ಹೊದ್ಕೋಬೇಕೇನ?" ಅಂದಳು.

ಅಪ್ಪನಿಗೆ ಇನ್ನೂ ಸಮಾಧಾನವಾಗಲಿಲ್ಲ. "ತಬಲಾ ಸಣ್ಣ ಐತಿ. ಬಲಗಡಿ ಪೆಟಗಿ ದನಿ ಬರವಲ್ದು" ಎಂದು ದಿನಾ ಸಂಜೆ ತಲೆ ಅತ್ತ ಇತ್ತ ವಾಲಿಸುತ್ತಿದ್ದ. ಮೈಗೆಲ್ಲ ಅರಳೆಯ ಎಳೆ, ಎಣ್ಣೆಯ ವಾಸನೆ. ಕೈಕಾಲು ತೊಳೆಯುವುದಕ್ಕೂ ಮೊದಲು ಪೆಟ್ಟಿಗೆ ಸರಿಸುವುದು. ಕೊನೆಗೆ ಬಲಗೋಡೆಗೆ ಒಟ್ಟಿದ್ದ ಜೋಳದ ಚೀಲಗಳ ಮೇಲೆ ಅವನ ಕಣ್ಣು ಬಿತ್ತು. ಪಾಲಿಗೆ ಹಾಕಿದ ಹೊಲದಿಂದ ಆಗಷ್ಟೇ ಬಂದ ಹೊಸ ಜೋಳ, ನಡುನಡುವೆ ಬೇವಿನ ಸೊಪ್ಪು.

"ಈ ಜ್ವಾಳನ ದನಿ ಕುಡ್ಯಾಕತ್ತೇತಿ" ಅಂದ ಅಪ್ಪ.

ಆಯಿ ಎದ್ದು ಕೂತಳು. ಶುಕ್ರವಾರ ಕುಂಕುಮ ಹಚ್ಚಿ ಮೊದಲ ಚೀಲ ಬಿಚ್ಚುವವರೆಗೆ ಒಟ್ಟಿದ ರಾಶಿಯನ್ನು ಯಾರೂ ಮುಟ್ಟುವಂತಿಲ್ಲ, ಅದು ನಮ್ಮ ಮನೆಯ ಕಟ್ಟಳೆ. "ಉಣ್ಣೋ ಲಕ್ಷ್ಮಿಗೆ ಕಳ್ಳಿ ಅಂತಿಯೇನೋ? ಸರಸಿದ್ರ ನೋಡು" ಅಂದಳು. ಅಪ್ಪ ಶುಕ್ರವಾರದ ದಾರಿ ಕಾಯತೊಡಗಿದ.

ಅದಕ್ಕೂ ಮೊದಲಿನ ಭಾನುವಾರ ಮಧ್ಯಾಹ್ನ ಅಪ್ಪ ದಾಡಿ ಮಾಡಿಸಲು ಹೋಗಿದ್ದ. ನನಗೆ ತಬಲಾ ಮೊದಲ ದಿನದಿಂದಲೂ ಖಣಖಣ ಕೇಳಿಸುತ್ತಿತ್ತು. ಹಾಗಾದರೆ ಅಪ್ಪ ಯಾಕೆ ಹೀಗನ್ನುತ್ತಾನೆ ಎಂದು ತಲೆ ಕೆಟ್ಟು, ಎರಡೂ ಪೆಟ್ಟಿಗೆಗಳನ್ನು ತಂತಿಸಮೇತ ಅದಲು ಬದಲು ಇಟ್ಟೆ. ಈಗ ತಬಲಾ ಎಡಕ್ಕೆ, ಸನಾದಿ ಬಲಕ್ಕೆ. ನೋಡಲು ಎರಡೂ ಒಂದೇ ಥರ. ಅಪ್ಪ ಬಂದು ರಿಕಾರ್ಡು ಹಚ್ಚಿ ನಡುವೆ ಕೂತ.

"ಹಾಂ, ತಬಲಾ ಈಗ ಬಂತು ನೋಡು" ಅಂದ. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು. "ಆದ್ರ ಸನಾದಿ ಎಲ್ಲಿ ಹೋತು?"

ನನಗೆ ಗೊತ್ತಾಗಿಹೋಯಿತು. ಪೆಟ್ಟಿಗೆಯದಲ್ಲ, ಜೋಳದ್ದಲ್ಲ, ಅಪ್ಪನ ಬಲಗಿವಿಯದೇ ತಪ್ಪು. ಬಾಗಿಲಲ್ಲಿ ಮೊರದ ತುಂಬ ಹಳೆ ಜೋಳ ಹಿಡಿದು ನಿಂತಿದ್ದ ನನ್ನ ಅವ್ವನನ್ನು ನೋಡಿದೆ. ಅವಳು ತಲೆ ಅಲ್ಲಾಡಿಸಿದಳು, ಬೇಡ ಎಂಬಂತೆ. ಅವಳು ರೊಟ್ಟಿ ಬಡಿಸುವಾಗ ಅಪ್ಪನ ಎಡಕ್ಕೇ ಬಂದು ಮಾತಾಡುತ್ತಿದ್ದುದು ನನಗೆ ಆಗ ಹೊಳೆಯಿತು. ಅಡುಗೆಮನೆಯಲ್ಲಿ ನನ್ನ ರಟ್ಟೆ ಹಿಡಿದು ಅಂದಳು, "ಗಿರಣ್ಯಾಗ ಗೊತ್ತಾದ್ರ ಎಂಜಿನ್ ಮುಂದ ಕುಂದ್ರಸೂದಿಲ್ಲ. ಬಾಯಿ ಮುಚಗೊಂಡಿರು." ಸಂಜೆ ನಾನು ಪೆಟ್ಟಿಗೆಗಳನ್ನು ಮೊದಲಿನಂತೆ ಇಟ್ಟುಬಿಟ್ಟೆ.

ಮರುದಿನ ಅಪ್ಪ ನನ್ನನ್ನು ನಡುವೆ ಕೂಡಿಸಿದ. "ಗೌರಾ, ಖರೇ ಹೇಳು. ಬಲಕ್ಕಿಂದು ನಿನಗ ಹೆಂಗ ಕೇಳಸ್ತೈತಿ?" ಕೇಳುವಾಗ ಅವನ ದನಿ ಸಣ್ಣಗಾಗಿತ್ತು. ಅವನಿಗೂ ಅನುಮಾನವಿತ್ತು ಎಂದು ಈಗ ಅನ್ನಿಸುತ್ತದೆ.

"ನನಗೂ ಸಣ್ಣ ಕೇಳಸ್ತೈತಪ್ಪ" ಅಂದೆ.

ಅಪ್ಪ ಉಸಿರು ಬಿಟ್ಟು ನಕ್ಕ. ಜೇಬಿನಿಂದ ಶೇಂಗಾ ತೆಗೆದು ನನ್ನ ಉಡಿಗೆ ಸುರಿದ. ಶುಕ್ರವಾರ ಆಯಿ ಕುಂಕುಮ ಹಚ್ಚಿದ್ದೇ ತಡ, ಹಾಡಿಕೊಳ್ಳುತ್ತ ಅಷ್ಟೂ ಚೀಲ ಹೊತ್ತು ಎಡಗೋಡೆಗೆ ಹಾಕಿದ. ತಬಲಾ ಬರಲಿಲ್ಲ. ಬರುವುದು ಎಲ್ಲಿಂದ?

ಹೋಳಿಹುಣ್ಣಿಮೆ ಮುಗಿದ ಮೇಲೆ, ಗಿರಣಿಯಲ್ಲಿ ಕೆಲಸ ಭರಾಟೆಯಲ್ಲಿದ್ದಾಗ, ಎಂಜಿನ್ನಿನ ಬೇರಿಂಗ್ ಸುಟ್ಟಿತು. ಅದು ಅರ್ಧ ತಾಸು ಕಿರುಗುಟ್ಟಿತ್ತಂತೆ. ಹತ್ತಿ ತಂದ ಗಾಡಿಯವರಿಗೆಲ್ಲ ಕೇಳಿಸಿತ್ತು. ಪಕ್ಕದಲ್ಲೇ ಕೂತಿದ್ದ ಅಪ್ಪನಿಗೆ ಕೇಳಿಸಿರಲಿಲ್ಲ. ಮಾಲಕರು ಬೈಯಲಿಲ್ಲ, ಗೇಟಿನ ಹತ್ತಿರ ಕಾವಲಿಗೆ ಕೂಡಿಸಿದರು. ಅಪ್ಪ ಎರಡು ದಿನ ಉಣ್ಣಲಿಲ್ಲ.

ಮೂರನೆಯ ದಿನ ನನ್ನನ್ನು ಕರೆದ. "ಲಂಗಾ ಹಾಕ್ಕೋ, ಬಿಜಾಪುರಕ್ಕ ಹೋಗೂಣು. ನಿನ್ನ ಕಿವಿ ತೋರಸಬೇಕು."

"ನನ್ನ ಕಿವಿನಾ?"

"ನನ್ನದು ಮಿಷನ್ ಮುಂದ ಕೂತು ಹೋತು. ನೀ ಯಾವ ಮಿಷನ್ ಮುಂದ ಕೂತಿದ್ದಿ? ನಿನಗೂ ಬಲಕ್ಕಿಂದು ಸಣ್ಣ ಕೇಳಸ್ತೈತಿ ಅಂದಿದ್ದೆಲ್ಲ. ಅದ ಚಿಂತಿ ಹತ್ತೇತಿ ನನಗ."

ಅವ್ವ ಒಲೆಯ ಮುಂದೆ ತಲೆ ಎತ್ತಲಿಲ್ಲ. ನಾನು ಲಂಗಾ ಹಾಕಿಕೊಂಡೆ. ಆ ಬಸ್ಸಿನ ದಾರಿಯಷ್ಟು ಉದ್ದನೆಯ ದಾರಿಯನ್ನು ಆಮೇಲೆ ನಾನು ಕಂಡಿಲ್ಲ.

ಡಾಕ್ಟರು ಕಬ್ಬಿಣದ ಕವಲುಕಡ್ಡಿ ಬಡಿದು ನನ್ನ ಎರಡೂ ಕಿವಿಗೆ ಹಿಡಿದರು. "ಹುಡುಗಿ ಕಿವಿ ಎರಡೂ ಗಟ್ಟಿ ಅದಾವ್ರಿ" ಅಂದರು. ಆಮೇಲೆ ಅಪ್ಪನದನ್ನು ನೋಡಿ, "ಬಲಗಿವಿ ಹೋಗೇತ್ರಿ. ಗುಡ್ಡದಂಥಾ ಅರಳಿ ನಡುವ ಕೂತವ್ರು, ಒಂದು ಚೂರು ಕಿವಿಗೆ ಇಟಗೋಬಾರದೇನ್ರಿ?" ಅಂದರು.

"ಇಟಗೊಂಡ್ರ ಎಂಜಿನ್ ದನಿ ಕೇಳಸೂದಿಲ್ರಿ" ಅಂದ ಅಪ್ಪ.

ವಾಪಸು ಬರುವಾಗ ಬಾಗೇವಾಡಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಅವನು ಎದ್ದು ನನ್ನ ಬಲಕ್ಕೆ ಬಂದು ಕೂತ. ಈಗ ನಾನು ಅವನ ಎಡಕ್ಕಿದ್ದೆ.

"ನಿನಗ ಚಲೋ ಕೇಳಸ್ತಿತ್ತು" ಅಂದ.

"ಹ್ಞೂಂ."

ಬೈಯುತ್ತಾನೆ ಎಂದು ಕೂತಿದ್ದೆ. ಬೈದಿದ್ದರೆ ಇವತ್ತು ಇಷ್ಟು ಭಾರ ಇರುತ್ತಿರಲಿಲ್ಲ. ಅವನು ಕಿಟಕಿಯ ಹೊರಗೆ ನೋಡುತ್ತ ಕೇಳಿದ, "ತಬಲಾ ಹೆಂಗಿತ್ತು, ಹೇಳು."

ನಾನು ಅವನ ಮೊಣಕಾಲ ಮೇಲೆ ಬೆರಳಿನಿಂದ ಬಾರಿಸಿದೆ, ನೆನಪಿದ್ದಷ್ಟು. ಮುಗಿದ ಮೇಲೆ "ಇನ್ನೊಮ್ಮೆ" ಅಂದ. ಮುದ್ದೇಬಿಹಾಳ ಬರುವವರೆಗೂ ಬಾರಿಸಿದೆ.

ಕೌದಿಗಳು ಹರಿದುಹೋದವು, ಚೀಲ ಒಟ್ಟುವ ಖೋಲಿಯೂ ಈಗಿಲ್ಲ. ಅಪ್ಪ ಹೋಗಿ ಬಹಳ ವರ್ಷವಾಯಿತು. ಮಗಳು ಅಂಗೈಯಷ್ಟು ಪೆಟ್ಟಿಗೆ ತಂದಿಟ್ಟಿದ್ದಾಳೆ, ಅದರಲ್ಲಿ ಬೇಕೆಂದ ಹಾಡು ಬರುತ್ತದೆ. ಯಾವ ಗೋಡೆಗೂ ಏನೂ ಹೊದಿಸಬೇಕಾಗಿಲ್ಲ. ಸನಾದಿ ಹಚ್ಚಿ ಕೂಡುತ್ತೇನೆ, ಐದು ನಿಮಿಷಕ್ಕೆ ಸಾಕಾಗುತ್ತದೆ. ನನ್ನ ಕಿವಿ ಇವತ್ತಿಗೂ ಎರಡೂ ಗಟ್ಟಿ ಇವೆ. ತಬಲಾ ಹೆಂಗಿತ್ತು ಎಂದು ಕೇಳುವವರು ಮಾತ್ರ ಯಾರೂ ಇಲ್ಲ.