ಎರಡನೇ ಪಾತ್ರೆ

ಕಿಕ್ಕೇರಿಯಲ್ಲಿ ಬಸ್ಸಿಳಿದು ಕೆರೆ ಏರಿ ಹಿಡಿದು ನಡೆದರೆ ಸಿಗುವ ಊರಿನಲ್ಲಿ ಬೈರಮ್ಮನ ಮನೆ. ಪ್ರಮೀಳಾ ಆ ಮನೆಯ ಹಿರಿಸೊಸೆ. ಇಪ್ಪತ್ತೊಂದು ವಯಸ್ಸು. ಲಾರಿ ಓಡಿಸುತ್ತಿದ್ದ ಗಂಡ ತೊಂಬತ್ತಾರರಲ್ಲಿ ಸೊರಗಿ ಸೊರಗಿ ಸತ್ತ. ಅವನಿಗಿದ್ದ ಎಚ್‌ಐವಿ ಇವಳಿಗೂ ಇದೆಯೆಂದು ಮೈಸೂರಿನ ಆಸ್ಪತ್ರೆಯಲ್ಲಿ ಹೇಳಿದರು. ಡಾಕ್ಟರಮ್ಮ ಬೈರಮ್ಮನನ್ನೂ ಕೂರಿಸಿಕೊಂಡು ತಿಳಿಹೇಳಿದ್ದರು: ಮುಟ್ಟಿದರೆ, ಜೊತೆಗೆ ಉಂಡರೆ ಇದು ಅಂಟುವುದಿಲ್ಲ. ಕೊಡಲು ನಮ್ಮಲ್ಲಿ ಔಷಧಿಯಿಲ್ಲ. ಹೊತ್ತುಹೊತ್ತಿಗೆ ಬಿಸಿಬಿಸಿಯಾಗಿ ಹೊಟ್ಟೆತುಂಬ ಉಣ್ಣಲಿ.

ಬೈರಮ್ಮ ಅಲ್ಲಿ ತಲೆಯಾಡಿಸಿದಳು. ಮನೆಗೆ ಬಂದವಳೇ ಸೊಸೆಯ ತಟ್ಟೆ ಲೋಟವನ್ನು ಹಿತ್ತಲ ಗೂಡಿಗೆ ಹಾಕಿದಳು. “ಡಾಕ್ಟ್ರಮ್ಮ ಬಂದು ನಮ್ಮನೇಲಿ ಉಣ್ತಾರಾ?” ಎಂದಳು.

ಅಂದಿನಿಂದ ಪ್ರಮೀಳಾ ಸಾರಿಗೆ ಒಗ್ಗರಣೆ ಹಾಕುವಂತಿಲ್ಲ, ಸಾರಿನ ಪಾತ್ರೆಯ ಮಸಿ ಮಾತ್ರ ತಿಕ್ಕಬೇಕು. ಹಾಲು ಕರೆಯುವಂತಿಲ್ಲ, ಸಗಣಿ ಬಾಚಬೇಕು. ಇನ್ನು ಮುದ್ದೆಗೆ ರಾಗಿಹಿಟ್ಟು ತೊಳಸುವ ಕೆಲಸ. ಬೈರಮ್ಮನ ಮಣಿಕಟ್ಟು ಊದಿಕೊಂಡು ವರ್ಷವಾಗಿತ್ತು. ಅವಳು ತೊಳಸಿದ ದಿನ ಮುದ್ದೆಯೆಲ್ಲ ಗಂಟು. “ಇದೇನವ್ವ, ಹಿಟ್ಟೋ ಗೋಲಿಗುಂಡೋ?” ಎಂದು ಕಿರಿಮಗ ಶಿವಶಂಕರ್ ಗೊಣಗುತ್ತಿದ್ದ. ಕೊನೆಗೆ ಬೈರಮ್ಮನೇ ದಾರಿ ಹುಡುಕಿದಳು: “ನೀನೇ ತೊಳಸು. ಹಿಟ್ಟು ಮುಟ್ಟೋದು ದೊಣ್ಣೆ ತಾನೆ, ಕೈಯಲ್ವಲ್ಲ.”

ಹೊಗೆಯಲ್ಲಿ ಕೂತು, ಕುದಿಯುವ ಪಾತ್ರೆಯನ್ನು ಕವೆಗೋಲಿನಲ್ಲಿ ಒತ್ತಿ ಹಿಡಿದು, ತೋಳು ಬಿದ್ದುಹೋಗುವಂತೆ ತೊಳಸುವುದು ಪ್ರಮೀಳಾ. ಆಮೇಲೆ ಅವಳು ಸರಿದು ನಿಲ್ಲಬೇಕು. ಬೈರಮ್ಮ ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟುವಳು. ಗಂಡಸರು ಉಂಡು ಕೈ ತೊಳೆದು ಎಲೆಅಡಿಕೆ ಹಾಕಿಕೊಂಡ ಮೇಲೆ ಸೊಸೆಯ ತಟ್ಟೆಗೆ ಒಂದು ಮುದ್ದೆ ಮೇಲಿನಿಂದ ಬೀಳುವುದು. ಅಷ್ಟರಲ್ಲಿ ಅದು ಕಲ್ಲು.

ಅವತ್ತು ಅವಳಿಗೆ ಜ್ವರ, ಬಾಯೆಲ್ಲ ಹುಣ್ಣು. ತೊಳಸಿ ಮುಗಿಸಿ ಕೇಳಿದಳು: “ಅತ್ತೆ, ನಂಗೊಂದು ಈಗ್ಲೇ ಕೊಟ್ಬುಡಿ. ತಣ್ಣಗಾದ್ರೆ ನುಂಗಕಾಗಲ್ಲ.”

“ಗಂಡಸ್ರೇ ಇನ್ನೂ ಉಂಡಿಲ್ಲ. ನಿಂಗೇನವಸರ?”

ಪ್ರಮೀಳಾ ಕೈ ಒದ್ದೆ ಮಾಡಿಕೊಂಡು ಪಾತ್ರೆಯಿಂದ ಒಂದು ಹಿಡಿ ಬಾಚಿದಳು, ಮುದ್ದೆ ಕಟ್ಟಿ ಒಲೆ ಮುಂದೆಯೇ ಉಣ್ಣಲು ಕೂತಳು.

“ಮುಟ್ಬುಟ್ಟಲ್ಲೇ,” ಎಂದಳು ಬೈರಮ್ಮ, ಮೆಲ್ಲಗೆ.

“ಹೂಂ, ಮುಟ್ದೆ. ಚೆಲ್ಬುಡಿ. ಇನ್ನೊಂದ್ಸಲ ನಾನಂತೂ ತೊಳಸಲ್ಲ.”

“ಅವ್ವೋ, ಹಿಟ್ಟಾಯ್ತಾ?” ಜಗಲಿಯಿಂದ ಶಿವಶಂಕರ್ ಕೂಗಿದ.

ಬೈರಮ್ಮ ಪಾತ್ರೆ ನೋಡಿದಳು, ತನ್ನ ಊದಿದ ಮಣಿಕಟ್ಟು ನೋಡಿಕೊಂಡಳು. ಸೊಸೆ ಬಾಚಿದ ಕಡೆ ಬಿಟ್ಟು ಆಚೆ ಕಡೆಯಿಂದ ಮುದ್ದೆ ಕಟ್ಟಿದಳು. “ಇವತ್ತು ಬೆಣ್ಣೆ ಇದ್ದಂಗೈತೆ ಕಣವ್ವ,” ಎಂದು ಶಿವಶಂಕರ್ ಇನ್ನೊಂದು ಹಾಕಿಸಿಕೊಂಡ.

ಮರುದಿನ ಅವಳು ಅಟ್ಟದಿಂದ ಒಂದು ಸಣ್ಣ ಪಾತ್ರೆ ಇಳಿಸಿ ಸೊಸೆಯ ಮುಂದಿಟ್ಟಳು. “ನಿಂದು ಇದ್ರಲ್ಲಿ ಬ್ಯಾರೆ ತೊಳಸ್ಕೊ. ಬಿಸಿಬಿಸಿ ಉಣ್ಣು, ಯಾರು ಬ್ಯಾಡ ಅಂದೋರು? ನಮ್ದಾದ ಮ್ಯಾಲೆ.”

ಒಂದು ಬಿಸಿ ಮುದ್ದೆಗೆ ಇಷ್ಟೆಲ್ಲ ಮಾಡಿ ಅವಳಿಗೆ ದಕ್ಕಿದ್ದು ಇದು: ಎರಡು ಸಲ ಒಲೆ ಮುಂದೆ ಬೇಯುವುದು, ಎರಡು ಪಾತ್ರೆ ತಿಕ್ಕುವುದು. ಪ್ರಮೀಳಾಳ ಕಣ್ಣು ಉರಿಯಿತು. ಹೊಗೆ ಇನ್ನೂ ಎದ್ದಿರಲಿಲ್ಲ.

ಸಣ್ಣ ಪಾತ್ರೆಗೆ ನೀರು ಹೊಯ್ದು ಅದನ್ನೇ ಮೊದಲು ಒಲೆಗೇರಿಸಿದಳು.

“ನಮ್ದು?” ಎಂದಳು ಬೈರಮ್ಮ.

“ಆಮ್ಯಾಲೆ,” ಎಂದು ಪ್ರಮೀಳಾ ಬೆಂಕಿ ಊದಿದಳು.