ಹಿಂದಿನ ಗೇಟಿನ ಗಸ್ತು

ಆ ಸಭೆಯಲ್ಲಿ ಪೊಲೀಸ್ ಅಧಿಕಾರಿ ಮಾತು ಕೊಟ್ಟರೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ಅಕ್ಕ ‘ಕೊಟ್ಟರು’ ಅನ್ನುತ್ತಾಳೆ. ಅವ್ವ ಇನ್ನೂ ಮುಂದೆ ಹೋಗಿ, ಕೈ ಹಿಡಿದು ಕೊಟ್ಟರು ಅನ್ನುತ್ತಾಳೆ. ನನ್ನ ನೆನಪಿನಲ್ಲಿ ಆ ಅಧಿಕಾರಿ ‘ಬಘೂಯಾ’, ಅಂದರೆ ನೋಡೋಣ ಎಂದು ಮರಾಠಿಯಲ್ಲಿ ಹೇಳಿ, ಟೋಪಿ ಎತ್ತಿಕೊಂಡು ಹೊರಟುಹೋದರು. ಸರ್ಕಾರದ ಬಾಯಲ್ಲಿ ‘ನೋಡೋಣ’ ಬಂದರೆ ಅದರ ಅರ್ಥ ಏನೆಂದು ನನಗೆ ಗೊತ್ತು ಅಂದುಕೊಂಡಿದ್ದೆ. ಈಗ ಅನುಮಾನ. ಅದನ್ನು ಆಕೆ ನಿಜವಾಗಿ ಹೇಳಿದರೋ, ಹೇಳಲಿ ಎಂದು ನಾನೇ ಕಾದು ಕುಳಿತಿದ್ದೆನೋ?

ಅನುಮಾನವಿಲ್ಲದ ಸಂಗತಿಗಳೂ ಇವೆ. ಆ ಚಳಿಗಾಲ ನಾಸಿಕ್‌ನ ನಮ್ಮ ಕಾಲೊನಿಯಲ್ಲಿ, ಪಕ್ಕದ ಮನೆಯಾಕೆಯ ಮಂಗಳಸೂತ್ರವನ್ನು ಬೈಕಿನಲ್ಲಿ ಬಂದ ಇಬ್ಬರು ಬೆಳಿಗ್ಗೆ ಕಿತ್ತುಕೊಂಡು ಹೋದರು. ಆಕೆ ಬಿದ್ದು ಕೈ ಮುರಿದುಕೊಂಡರು. ಮರುದಿನದಿಂದ ಅವ್ವ ಮೈದಾನದ ವಾಕಿಂಗ್ ಬಿಟ್ಟಳು. ಬೀದರ್ ಕಡೆಯಿಂದ ಮದುವೆಯಾಗಿ ಬಂದ ಅವ್ವನಿಗೆ ಈ ಊರಿನಲ್ಲಿ ತನ್ನದೆನ್ನುವಂಥದ್ದು ಮೈದಾನದ ಆ ಸುತ್ತು ಒಂದೇ. ಅಂಗಡಿ ನಿಮ್ಮಪ್ಪಂದು, ಮನಿ ನಿಂದು ಅನ್ನುತ್ತಿದ್ದಳು. ಮೈದಾನದ ಮರಾಠಿ ಗೆಳತಿಯರು ಮಾತ್ರ ಅವಳವರು. ನಡಿಗೆ ನಿಂತ ಮೇಲೆ ಅವಳ ಸಕ್ಕರೆ ಏರಿತು, ಮಾತು ಇಳಿಯಿತು. ಕಿಟಕಿಯ ಹತ್ತಿರ ಕುಳಿತು ರಸ್ತೆ ನೋಡುತ್ತಿದ್ದಳು. ಆಗ ಠಾಣೆಯವರು ಕನ್ನಡದವರ ಸಭಾಂಗಣದಲ್ಲಿ ಒಂದು ಜಾಗೃತಿ ಸಭೆ ಇಟ್ಟರು.

ಸಂಭಾಜಿನಗರದಿಂದ ಬಂದಿದ್ದ ಅಕ್ಕ ನಮ್ಮಿಬ್ಬರನ್ನೂ ಎಳೆದುಕೊಂಡು ಹೋದಳು. ಮಂಗಳೂರು ಕಡೆಯ ಹೋಟೆಲಿನವರು ಎಲ್ಲರಿಗೂ ಕಾಫಿ ಕಳಿಸಿದ್ದರು. ಸಮಾಜಶಾಸ್ತ್ರ ಓದಿದ ನನಗೆ ಇಂಥ ಸಭೆಗಳ ಬಗ್ಗೆ ಒಂದು ಸಿದ್ಧ ಟೀಕೆ ಇತ್ತು. ಹಿಂದಿನ ಸಾಲಿನಲ್ಲಿ ಕುಳಿತು ಅಕ್ಕನ ಕಿವಿಯಲ್ಲಿ ಅದನ್ನೇ ಹೇಳಿದೆ: “ಕಳ್ಳರನ್ನ ಹಿಡಿಯೋದು ಬಿಟ್ಟು, ಕಳಕೊಂಡವರಿಗೆ ಪಾಠ ಹೇಳ್ತಾರ ನೋಡು.”

“ಸುಮ್ಮ ಕೂಡೋ ತಮ್ಮಾ. ನಿನ್ನ ಡಿಗ್ರಿ ಮನ್ಯಾಗ ಇಟ್ಟು ಬರಬೇಕಿತ್ತು.”

ಅಧಿಕಾರಿ ನಲವತ್ತರ ಆಸುಪಾಸಿನ ಹೆಂಗಸು. ನಮ್ಮ ಕಡೆಯವರ ರೂಢಿಯಂತೆ ಅವ್ವ ಆಕೆಯನ್ನು ಫೌಜದಾರ ಬಾಯಿ ಅನ್ನುತ್ತಿದ್ದಳು. ಫೋನಿನಲ್ಲಿ ಬರುವ ಮೋಸದ ಕರೆಗಳ ಬಗ್ಗೆ ಹೇಳಿ, ಕೊನೆಗೆ ಆಕೆ, ವಾಕಿಂಗಿಗೆ ಹೋಗುವಾಗ ಕೊರಳಲ್ಲಿ ಏನೂ ಬೇಡ ಎಂದರು. ಅವ್ವ ಎದ್ದು ನಿಂತಳು. ಮನೆಗೆ ಹೊರಟಳೇನೋ ಅಂದುಕೊಂಡೆ. ಅವಳು ಕೊರಳಿನ ದಾರವನ್ನು ಎತ್ತಿ ತೋರಿಸಿದಳು. ಅದರ ತುದಿಗೆ, ಸೆರಗಿನೊಳಗೆ, ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಅವಳ ಅರ್ಧ ಮರಾಠಿ, ಅರ್ಧ ಬೀದರ್ ಮಾತನ್ನು ನೆನಪಿದ್ದ ಹಾಗೆ ಬರೆಯುತ್ತೇನೆ.

“ಬಂಗಾರ ತಗದು ಇಡ್ತೀನ್ರಿ ಮ್ಯಾಡಮ್. ಲಿಂಗ ತಗದು ಇಡಲಿಕ್ಕ ಆಗಲ್ಲ.”

“ಒಳಗೆ ಮುಚ್ಚಿಟ್ಟುಕೊಳ್ಳಿ, ಮಾವಶಿ.”

“ಒಳಗೇ ಅದ್ರಿ. ದಾರ ಕಾಣ್ತದಲ್ರಿ? ಅದರ ತುದಿಗೆ ಬಂಗಾರ ಅದನೋ ಏನದನೋ, ಆ ಕಳ್ಳಗ ಜಗ್ಗಿದ ಮ್ಯಾಲೇ ಗೊತ್ತಾಗೂದು. ಅಷ್ಟೊತ್ತಿಗಿ ನಾ ನೆಲದ ಮ್ಯಾಲ.”

ಸಭೆ ನಕ್ಕಿತು. ಅಧಿಕಾರಿಯೂ ನಕ್ಕು, ಹಾಗಾದರೆ ಸ್ವಲ್ಪ ದಿನ ಮನೆಯ ಮಾಳಿಗೆಯಲ್ಲೇ, ಗಚ್ಚಿಯ ಮೇಲೆ ನಡೆಯಿರಿ ಎಂದರು.

“ಗಚ್ಚಿ ಮ್ಯಾಲ ಒಣಗಲಿಕ್ಕ ನಾನೇನು ಹಪ್ಪಳೇನ್ರಿ?”

ಈ ಸಲ ಆಕೆ ನಗಲಿಲ್ಲ. ಮೈದಾನಕ್ಕೆ ಯಾವ ಕಡೆಯಿಂದ ಬರುತ್ತೀರಿ ಎಂದು ಕೇಳಿದರು.

“ಹಿಂದಿನ ಗೇಟಿನಿಂದ್ರಿ. ಹೆಣ್ಣುಮಕ್ಕಳು ಎಲ್ಲಾರೂ ಅಲ್ಲಿಂದೇ ಬರ್ತೀವಿ. ನಿಮ್ಮ ಗಾಡಿ ಮುಂದಿನ ಗೇಟಿಗೆ ನಿಂದರತದ. ಅಲ್ಲಿ ಚಹಾದಂಗಡಿ ಅದಲ್ರಿ!”

ಮೊದಲು ನಕ್ಕಿದ್ದು ಬಾಗಿಲ ಬಳಿಯಿದ್ದ ಪೇದೆ. ಇಲ್ಲಿಂದ ಮುಂದೆ ನಮ್ಮ ಮೂವರ ನೆನಪು ಮೂರು ದಾರಿ ಹಿಡಿಯುತ್ತದೆ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವ್ವ ಬೂಟು ಹಾಕಿಕೊಳ್ಳುತ್ತಿದ್ದಳು. “ಫೌಜದಾರ ಬಾಯಿ ನಂಗ ಗಾಡಿ ಕಳಸ್ಯಾಳ. ಹಿಂದಿನ ಗೇಟಿಗೇ ಬರ್ತದಂತ, ಗೆಳತ್ಯಾರು ಹೇಳಿದ್ರು,” ಅಂದಳು. ಮತ್ತೆ ಹೋಗತೊಡಗಿದಳು, ಬರುವಾಗ ಊರಿನ ಸುದ್ದಿಯೆಲ್ಲ ತರತೊಡಗಿದಳು. ಗಸ್ತಿನ ಬೈಕು ಎಲ್ಲ ಕಡೆಗೂ ಹೋಗುತ್ತದೆ, ಅವ್ವ ಅದನ್ನು ತನ್ನದು ಮಾಡಿಕೊಂಡಿದ್ದಾಳೆ ಎಂದು ನಾನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

“ಅವ್ವನ ಖುಷಿಗೂ ನಿನಗ ಪುರಾವೆ ಬೇಕೇನು?” ಅಂದಳು ಅಕ್ಕ.

ಬೇಕಿತ್ತು. ಅವ್ವನ ಖುಷಿ ಕಡಿಮೆ ಮಾಡಲಿಕ್ಕಲ್ಲ. ಸಭೆಯಲ್ಲಿ ಒಬ್ಬ ಹೆಂಗಸು ಎದ್ದು ಹೇಳಿದ್ದಕ್ಕೆ ಪೊಲೀಸರ ಗಸ್ತು ದಾರಿ ಬದಲಿಸುತ್ತದೆ ಅಂದರೆ, ನಾನು ಇಷ್ಟು ದಿನ ಜನರ ಮುಂದೆ ವಾದಿಸುತ್ತ ಬಂದದ್ದರಲ್ಲಿ ಸ್ವಲ್ಪವಾದರೂ ತಿದ್ದಬೇಕಾಗುತ್ತದೆ. ತಿದ್ದುವುದು ನನಗೆ ಬೇಸರವಲ್ಲ. ಸುಮ್ಮನೆ ನಂಬುವುದು ಕಷ್ಟ.

ಈ ವರ್ಷ ಅವ್ವ ಕೆಲವು ವಾರ ಸಂಭಾಜಿನಗರದಲ್ಲಿ ಅಕ್ಕನ ಮನೆಯಲ್ಲಿದ್ದಳು. ಅಲ್ಲಿಯ ಓಣಿಯ ಹೆಂಗಸರನ್ನು ಕರೆದುಕೊಂಡು ಠಾಣೆಗೆ ಹೋಗಿ, ನಮ್ಮ ಕಡೆಗೂ ಬಂದು ಸಭೆ ಮಾಡ್ರಿ ಎಂದು ಕೇಳಿ ಬಂದಳಂತೆ. ಅಕ್ಕ ಫೋನಿನಲ್ಲಿ, “ಇಲ್ಲೂ ಶುರು ಆಯ್ತು ನೋಡು,” ಎಂದು ನಗುತ್ತಿದ್ದಳು.

ಆ ವಾರವೇ ಒಂದು ಬೆಳಿಗ್ಗೆ ನಾನು ಮೈದಾನಕ್ಕೆ ಹೋದೆ. ಗಸ್ತಿನವರು ತಾವು ಬಂದದ್ದಕ್ಕೆ ಗುರುತಾಗಿ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಸ್ಟಿಕರನ್ನು ಇಂಥ ಜಾಗಗಳಲ್ಲಿ ಅಂಟಿಸಿರುತ್ತಾರೆ. ಮುಂದಿನ ಗೇಟಿನ ಕಂಬದಲ್ಲಿ ಅದು ಇರಲಿಲ್ಲ. ಒಣಗಿದ ಅಂಟಿನ ಚೌಕಾಕಾರದ ಕಲೆ ಮಾತ್ರ ಇತ್ತು. ಸ್ಟಿಕರ್ ಇದ್ದದ್ದು ಹಿಂದಿನ ಗೇಟಿನಲ್ಲಿ. ಹೆಂಗಸರು ಗುಂಪಾಗಿ ಒಳಗೆ ಹೋಗುತ್ತಿದ್ದರು. ಬೈಕು ನಿಲ್ಲಿಸಿ ಸ್ಕ್ಯಾನ್ ಮಾಡುತ್ತಿದ್ದ ಪೇದೆಯನ್ನು ಕೇಳಿದೆ. ಮೊದಲು ಅದು ಚಹಾದಂಗಡಿಯ ಕಡೆಯೇ ಇತ್ತು, ಕನ್ನಡದವರ ಸಭಾಂಗಣದಲ್ಲಿ ಸಭೆಯಾದ ಮರುದಿನ ಮ್ಯಾಡಮ್ ತಾವೇ ನಿಂತು ಇಲ್ಲಿಗೆ ಹಾಕಿಸಿದರು ಎಂದ.